ಹಿಟ್ನಾಳದ ತಿರುವು

ಮೌಲಾಹುಸೇನ ಹೇಳಿಕೊಟ್ಟದ್ದು ಇಷ್ಟೇ:
"ಅಕ್ಕಾರ, ದೊಡ್ಡ ರಸ್ತೆಗೆ ಇಳಿಯೋ ಮುಂದ ನಿಂದ್ರಬ್ಯಾಡ್ರಿ.
ನಿಂತು ಕೇಳಿದ್ರ ಯಾರೂ ಜಾಗಾ ಕೊಡಂಗಿಲ್ಲ,
ಓಡಕೋಂತ ಕೇಳಬೇಕು."

ಸಂಡೂರಿನ ಅದಿರು ಲಾರಿ ಹೊಡೆದು ಹೊಡೆದು
ಉಗುರಿನಂಚು ಇನ್ನೂ ಕೆಂಪಗಿರುವ ಮನುಷ್ಯ.
ಹದಿನೆಂಟು ದಿನ ಪಕ್ಕದಲ್ಲಿ ಕೂತು
ತನ್ನ ಕಾಲಡಿಗೂ ಒಂದು ಬ್ರೇಕು ಇಟ್ಟುಕೊಂಡು
ಕಲಿಸಿದ.
ಹತ್ತೊಂಬತ್ತನೆಯ ದಿನ
ಆ ಬ್ರೇಕು ಇಲ್ಲದ ನಮ್ಮದೇ ಗಾಡಿ,
ನಾನೊಬ್ಬಳೇ.

ಭಾಗ್ಯನಗರ ಬಿಟ್ಟು, ಗಿಣಿಗೇರಿಯ ಹೊಗೆ ದಾಟಿ
ಐವತ್ತು, ಅರವತ್ತು.
ರಸ್ತೆ ಕೇಳದೆಯೇ ಅಗಲವಾಗುತ್ತದೆ.
ಬಿಳಿ ಗೆರೆಗಳು ನನ್ನ ಲೆಡ್ಜರಿನವೇ;
ಬೀಜದ ಗೋದಾಮಿನಲ್ಲಿ ಇಪ್ಪತ್ತಾರು ವರ್ಷ
ಗೆರೆ ಮೀರದೆ ಬರೆದವಳು ನಾನು.
ಇಲ್ಲಿ ಗೆರೆ ಮೀರದಿದ್ದರೆ ಊರು ಸಿಗುವುದಿಲ್ಲ.

ಕನ್ನಡಿಯಲ್ಲಿ ಒಂದು ಲಾರಿ ಬೆಳೆಯುತ್ತದೆ.
ಮೊದಲು ಹೆಸರುಕಾಳಿನಷ್ಟು,
ಆಮೇಲೆ ಟ್ರಂಕಿನಷ್ಟು,
ಆಮೇಲೆ ಕನ್ನಡಿ ತುಂಬ ಅದರ ಹಲ್ಲು.
ಹಾರನ್ನಲ್ಲ ಅದು, ಬೆನ್ನಿಗೆ ಕೈಯಿಟ್ಟು ನೂಕಿದ ಹಾಗೆ.
ಎದುರಿಗೆ, ಬರಬಾರದ ದಿಕ್ಕಿನಿಂದ,
ಭತ್ತದ ಹುಲ್ಲು ಹೇರಿದ ಟ್ರ್ಯಾಕ್ಟರು
ರಸ್ತೆ ತನ್ನಪ್ಪನದೆಂಬಂತೆ ಬರುತ್ತಿದೆ.
ಹುಲ್ಲಿನ ಮೇಲೆ ಮಲಗಿದ್ದ ಹುಡುಗ ಕೈ ಬೀಸಿದ.
ನಾನೂ ಬೀಸಬೇಕಿತ್ತೇನೋ,
ಕೈ ಸ್ಟೇರಿಂಗಿಗೆ ಅಂಟಿತ್ತು.

ತಲೆಯ ಮೇಲೆ ಹಸಿರು ಬೋರ್ಡು:
ಕುಷ್ಟಗಿ ಹೀಗೆ, ಹೊಸಪೇಟೆ ಹೀಗೆ, ಗಂಗಾವತಿ ಹೀಗೆ.
ಬಸ್ಸಿನ ಕಿಟಕಿಯಲ್ಲಿ ಇವು ಊರುಗಳಾಗಿದ್ದವು,
ಈಗ ಬರೀ ಬಾಣ.
ಓದಿ ಮುಗಿಸುವುದರೊಳಗೆ ಬೋರ್ಡು ಬೆನ್ನ ಹಿಂದೆ.

ಇಂಡಿಕೇಟರು ಹಾಕಿದೆ. ಒಂದು ಟ್ಯಾಂಕರು ಬಿಡಲಿಲ್ಲ.
ಅದರ ಹಿಂದೆ ಇನ್ನೊಂದು.
ಅದರ ಹಿಂದೆ ಮದುವೆಯ ಕ್ರೂಸರು,
ಬಾಗಿಲ ಸಂದಿಯಲ್ಲಿ ಸಿಕ್ಕಿಕೊಂಡ ಹಳದಿ ಸೆರಗು.
ನನ್ನ ತಿರುವು ಎಡಕ್ಕೆ
ಹಾಲು ಉಕ್ಕುವಷ್ಟು ಹೊತ್ತು ತೆರೆದುಕೊಂಡಿತ್ತು.
ಮುಚ್ಚಿತು.

ಅಷ್ಟೆ. ಗಂಗಾವತಿ ಎಡಗಡೆ ಉಳಿಯಿತು,
ಹತ್ತು ಗಂಟೆಯ ಹಾಜರಿ ಪುಸ್ತಕ ಉಳಿಯಿತು,
ನಾನು ಹೋಗುತ್ತಲೇ ಇದ್ದೆ.
ಹೀಗೆ ಎಲ್ಲಿಗೂ ಹೋದವಳಲ್ಲ:
ಯಾರೂ ಕರೆಯದೆ, ಯಾರೂ ಸತ್ತಿರದೆ,
ಚೀಲದಲ್ಲಿ ಕುಬಸದ ಖಣವಿಲ್ಲದೆ.

ಟೋಲಿನ ಕಂಬ ತಾನಾಗಿ ಎದ್ದಿತು.
ಮರಿಹಕ್ಕಿಯಷ್ಟು ಸಣ್ಣ ಸದ್ದು.
ಗಾಜಿಗೆ ಆ ಚೀಟಿ ಅಂಟಿಸಿದವರು ಅವರು,
ನಂಬರೂ ಅವರದೇ;
ಕಂಬ ಇಳಿಯುವುದರೊಳಗೆ ನನ್ನ ಫೋನು.
ಪಕ್ಕದ ಸೀಟಿನಲ್ಲಿ, ಬುತ್ತಿಡಬ್ಬಿಯ ಮೇಲೆ
ಅಂಗಾತ ಬಿದ್ದ ಜೀರುಂಡೆಯ ಹಾಗೆ
ಗುಂಯ್ಗುಡುತ್ತ ಸುತ್ತತೊಡಗಿತು.
"ಟೋಲಿನ ಕಡೆ ಯಾಕ ಹೋದಿ?"
ಎತ್ತದೆಯೇ ಕೇಳಿಸಿತು.
ಗಾಡಿ ಓಡಿಸುವಾಗ ಫೋನು ಎತ್ತಬಾರದು.
ಇದನ್ನೂ ಮೌಲಾಹುಸೇನನೇ ಹೇಳಿದ್ದು,
ಅದೂ ಅವರೆದುರಿಗೇ.

ಮುನಿರಾಬಾದಿನ ಹತ್ತಿರ ಇನ್ನೊಂದು ಬೋರ್ಡು:
ಮುಂದೆ ಯೂ ಟರ್ನ್.
ಈ ಸಲ ಪೂರ್ತಿ ಓದಿದೆ,
ಎರಡು ಸಲ ಓದುವಷ್ಟು ಹೊತ್ತಿತ್ತು.
ಇಂಡಿಕೇಟರಿನ ಕಡ್ಡಿಗೆ ಬೆರಳು ತಾಗಿಸಿ
ತೆಗೆದೆ.

ಆಮೇಲೆ ಸೇತುವೆ.
ಬಲಗಡೆ ದೂರದಲ್ಲಿ ಅಣೆಕಟ್ಟಿನ ಬೂದು ಗೆರೆ,
ಕೆಳಗೆ ಹೊಳೆ
ಬಂಡೆಗೊಂದು ದಾರಿಯಾಗಿ ಒಡೆದು
ಒಂದರ ಸಾಲಿಗೆ ಒಂದು ನುಗ್ಗಿ
ಮತ್ತೆ ಕೂಡಿಕೊಳ್ಳುತ್ತಿತ್ತು.
ಒಂದೂ ಇಂಡಿಕೇಟರು ಹಾಕುತ್ತಿರಲಿಲ್ಲ.

ಎಂಬತ್ತು. ಕಾಲು ಯಾವಾಗ ಒತ್ತಿತೋ.
ಫೋನು ಸುಮ್ಮನಾಯಿತು, ಮತ್ತೆ ಶುರುವಾಯಿತು.
ಹಿಂದಿನ ಲಾರಿ ದೀಪ ಮಿಣುಕಿಸುತ್ತಿದೆ.
ಬಲಗಡೆ ಜಾಗ ಇದೆಯಲ್ಲ, ಹೋಗಲಿ.
ನನಗೇನು ಆತುರ.